ಪಕ್ಕದ ಮನೆ ಮರದ ಪೊಟರೆಲಿ ಕಾಕಟೂ ಗೂಡು ಮಾಡಿದೆಯಾ? ತಿಳ್ಕೊಳ್ಳೋದು ಹೇಗೆ, ಗಮನಿಸೋದು ಹೇಗೆ

ಪ್ರಶ್ನೆ: ನಾವು ಸಿಡ್ನಿಯ ಪಶ್ಚಿಮಕ್ಕೆ ಟೂಂಗ್ಯಾಬಿ ಹತ್ರ ಇದೀವಿ. ಪಕ್ಕದ ಮನೆಯವರ ಹಿತ್ತಲಲ್ಲಿ ಒಂದು ಭಾರಿ ಹಳೇ ನೀಲಗಿರಿ ಜಾತಿ ಮರ ಇದೆ, ಮೇಲೆ ಕೊಂಬೆ ಮುರಿದಿರೋ ಕಡೆ ದೊಡ್ಡ ಪೊಟರೆ. ಜುಲೈ ಕೊನೆಯಿಂದ ಎರಡು ಬಿಳಿ ಕಾಕಟೂ (ಜುಟ್ಟಿರೋ ದೊಡ್ಡ ಗಿಣಿ ಜಾತಿ) ದಿನಾ ಬಂದು ಪೊಟರೆ ಬಾಯಲ್ಲಿ ಕೂತು ಮರ ಕಚ್ಚಿ ಕಚ್ಚಿ ಉದುರಿಸ್ತಿವೆ. ಗೂಡು ಮಾಡಿವೆ ಅಂತ ಹೇಗೆ ಗೊತ್ತಾಗತ್ತೆ? ತೊಂದ್ರೆ ಕೊಡದೆ ಮಕ್ಕಳ ಜೊತೆ ನೋಡಬಹುದಾ? ಪಕ್ಕದವರು ಬೇರೆ ಮರ ಕಡಿಸೋ ಮಾತಾಡ್ತಿದಾರೆ.

ಉತ್ತರ: ನೀವು ಬರ್ದಿರೋದು ನೋಡಿದ್ರೆ ಗೂಡಾಗೋ ಸಾಧ್ಯತೆ ಚೆನ್ನಾಗೇ ಇದೆ, ಆದ್ರೆ ಗೂಡಾಗಿದೆ ಅಂತ ಈಗ್ಲೇ ಹೇಳೋಕಾಗಲ್ಲ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ ಕಾಕಟೂ ಗೂಡು ಅಂತ ಜನ ಕಳಿಸೋ ವರದಿಗಳಲ್ಲಿ ತುಂಬಾ ಗೊಂದಲ ಆಗೋದು ಇಲ್ಲೇ. ಈ ಹಕ್ಕಿಗಳಿಗೆ ಪೊಟರೆ ಅಂದ್ರೆ ಆಸ್ತಿ ಇದ್ದ ಹಾಗೆ, ಮೊಟ್ಟೆ ಇಡೋ ಯೋಚನೆ ಇಲ್ದೇ ಇರೋ ಕಾಲದಲ್ಲೂ ಜೋಡಿಯಾಗಿ ಬಂದು ಇಣುಕಿ ನೋಡ್ತವೆ, ಒಳಗೆ ಇಳಿದು ಕೆರೀತವೆ, ಬಾಯಿ ಸುತ್ತ ತೊಗಟೆ ಸುಲೀತವೆ, ಬೇರೆ ಹಕ್ಕಿ ಬಂದ್ರೆ ಜುಟ್ಟು ಬಿಚ್ಚಿ ಕಿರುಚಿ ಓಡಿಸ್ತವೆ. ಕ್ಯಾನ್ಬೆರಾದಲ್ಲಿ ಗ್ಯಾಂಗ್ ಗ್ಯಾಂಗ್ ಕಾಕಟೂಗಳ ಮೇಲೆ ಕಣ್ಣಿಟ್ಟಿರೋರು ಕೂಡ ಇದನ್ನೇ ಹೇಳ್ತಾರೆ, ಹಕ್ಕಿ ಹೋಗಿ ನೋಡೋ ಪೊಟರೆಗಳು ಬಹಳ, ಕೊನೆಗೆ ಮೊಟ್ಟೆ ಇಡೋದು ಅದ್ರಲ್ಲಿ ಕೆಲವೇ ಕೆಲವಲ್ಲಿ.

ಹಾಗಾಗಿ ಹಕ್ಕಿ ಗಣತಿ ಮಾಡೋರು ಮೂರು ಮೆಟ್ಟಿಲು ಇಟ್ಕೊಂಡಿರ್ತಾರೆ, ಗೂಡು ಇರಬಹುದು, ಬಹುಶಃ ಇದೆ, ಖಚಿತ. ಜೋಡಿ ಪೊಟರೆ ಹತ್ರ ಕಂಡ್ರೆ ಮೊದಲನೇದು. ಅದೇ ಜೋಡಿ ವಾರಗಟ್ಟಲೆ ಅದೇ ಪೊಟರೆಗೆ ಬರ್ತಾ, ಒಳಗೆ ಹೋಗ್ತಾ, ಕಚ್ಚಿ ಹದ ಮಾಡ್ತಾ ಇದ್ರೆ ಎರಡನೇದು, ನೀವು ಈಗ ನಿಂತಿರೋದು ಇಲ್ಲಿ. ಮೂರನೇ ಮೆಟ್ಟಿಲು ಹತ್ತೋಕೆ ಒಳಗೆ ಒಂದು ಹಕ್ಕಿ ಕಾವು ಕೂತಿರೋ ಗುರುತು ಬೇಕು, ಇಲ್ಲಾಂದ್ರೆ ಮರಿ ದನಿ ಕೇಳಬೇಕು, ಇಲ್ಲಾಂದ್ರೆ ಮರಿಯ ಮುಖಾನೇ ಪೊಟರೆ ಬಾಯಲ್ಲಿ ಕಾಣಬೇಕು.

ಕಾಲದ ಲೆಕ್ಕ ತಲೇಲಿಟ್ಕೊಂಡ್ರೆ ಅರ್ಧ ಕೆಲಸ ಆದಂಗೆ. ನಿಮ್ಮದು ಹಳದಿ ಜುಟ್ಟಿನ ದೊಡ್ಡ ಬಿಳಿ ಕಾಕಟೂ ಅಂತ ಅಂದ್ಕೊಂಡು ಹೇಳ್ತೀನಿ (ಕೊಕ್ಕು ಕಪ್ಪಗಿದ್ರೆ ಅದೇ, ಕೊಕ್ಕು ಬೆಳ್ಳಗಿದ್ದು ಕಣ್ಣಿನ ಸುತ್ತ ನೀಲಿ ಚರ್ಮ ಇದ್ರೆ ಅದು ಕೊರೆಲ್ಲಾ, ಬೇರೆ ಜಾತಿ). ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಇವುಗಳ ಸಂತಾನದ ಕಾಲ ಆಗಸ್ಟ್‌ನಿಂದ ಜನವರಿ, ಉತ್ತರದ ಬಿಸಿ ಪ್ರದೇಶದಲ್ಲಿ ಮೇನಿಂದ ಸೆಪ್ಟೆಂಬರ್. ಸಾಮಾನ್ಯವಾಗಿ 2 ಮೊಟ್ಟೆ, ಕೆಲವು ಸಲ 1 ಅಥವಾ 3. ಗಂಡು ಹೆಣ್ಣು ಎರಡೂ ಸರದಿ ಮೇಲೆ ಕಾವು ಕೂರ್ತವೆ, ಸುಮಾರು 30 ದಿನಕ್ಕೆ ಮರಿ ಹೊರಗೆ ಬರತ್ತೆ, ಆಮೇಲೆ ಹತ್ತು ವಾರದ ಆಸುಪಾಸು ಪೊಟರೆ ಒಳಗೇ ಬೆಳೆಯತ್ತೆ. ಅಂದ್ರೆ ನಿಮ್ಮ ಜೋಡಿ ಸೆಪ್ಟೆಂಬರ್ ಶುರುನಲ್ಲಿ ಮೊಟ್ಟೆ ಇಟ್ರೆ ಅಕ್ಟೋಬರ್ ಹೊತ್ತಿಗೆ ಮರಿ, ಡಿಸೆಂಬರ್‌ನಲ್ಲಿ ಹಾರೋದು. ಇಷ್ಟು ಉದ್ದದ ಕತೆ ಇದು, ಎರಡು ದಿನ ನೋಡಿ ತೀರ್ಮಾನ ಮಾಡೋ ವಿಷಯ ಅಲ್ಲ.

ಈಗ ಏನನ್ನ ನೋಡಬೇಕು ಅಂತ. ತಮಾಷೆ ಏನಂದ್ರೆ ಗೂಡು ನಿಜವಾಗ್ಲೂ ಶುರುವಾದಾಗ ಗಲಾಟೆ ಕಮ್ಮಿ ಆಗತ್ತೆ. ಇಷ್ಟು ದಿನ ಎರಡೂ ಒಟ್ಟಿಗೆ ಬಂದು ಮರ ಎಲ್ಲಾ ಎಬ್ಬಿಸಿ ಹೋಗ್ತಿದ್ದವು, ಇದ್ದಕ್ಕಿದ್ದಂಗೆ ಒಂದೇ ಹಕ್ಕಿ ಕಾಣಿಸೋಕೆ ಶುರುವಾಗತ್ತೆ. ಜನ ಆಗ ಅಯ್ಯೋ ಜೋಡೀಲಿ ಒಂದು ಸತ್ತೋಯ್ತೇನೋ ಅಂತ ಗಾಬರಿ ಆಗ್ತಾರೆ, ಆದ್ರೆ ಅದೇ ಒಳ್ಳೇ ಸುದ್ದಿ, ಇನ್ನೊಂದು ಒಳಗೆ ಕೂತಿದೆ ಅಂತರ್ಥ ಇರಬಹುದು. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಸಂಜೆ ಮುಳುಗೋಕೆ ಮುಂಚಿನ ಎರಡು ಗಂಟೆ ಮರದಿಂದ ಒಂದು ಮೂವತ್ತು ನಲವತ್ತು ಮೀಟರ್ ದೂರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಸರದಿ ಬದಲಾಗೋದು ಕಣ್ಣಿಗೆ ಬಿದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ: ಹೊರಗಿನ ಹಕ್ಕಿ ಹಾರಿ ಬಂದು ಪೊಟರೆಗಿಂತ ಸ್ವಲ್ಪ ಮೇಲಿನ ಕೊಂಬೆಲಿ ಕೂರತ್ತೆ, ಕತ್ತು ಉದ್ದ ಮಾಡಿ ಸುತ್ತ ನೋಡತ್ತೆ, ಮೆಲ್ಲಗೆ ಗೊಣಗೋ ದನಿ ಮಾಡತ್ತೆ, ಬಾಯಿ ಹರ್ಕೊಂಡು ಕಿರುಚೋ ದನಿ ಅಲ್ಲ ಅದು, ಒಂದು ನಿಮಿಷ ಆದ್ಮೇಲೆ ಪೊಟರೆ ಕತ್ತಲೆಯಿಂದ ಒಂದು ಬಿಳಿ ತಲೆ ಮೇಲೆ ಬರತ್ತೆ, ಪೂರ್ತಿ ಹೊರಗೆ ಬಂದು ರೆಕ್ಕೆ ಕೊಡವತ್ತೆ, ಬಾಲದ ಗರಿ ಒಂದು ಕಡೆಗೆ ಸೊಟ್ಟ ಆಗಿರತ್ತೆ ಯಾಕಂದ್ರೆ ಗಂಟೆಗಟ್ಟಲೆ ಇಕ್ಕಟ್ಟಲ್ಲಿ ಕೂತಿದ್ದು, ಎದೆ ಗರಿಗೆ ಕಂದು ಬಣ್ಣದ ಮರದ ಪುಡಿ ಮೆತ್ತಿರತ್ತೆ. ಅದು ಹಾರಿ ಹೋಗತ್ತೆ, ಇದು ಒಳಗೆ ಇಳಿಯತ್ತೆ, ಮತ್ತೆ ಹೊರಗೆ ಬರಲ್ಲ. ಬೈನಾಕ್ಯುಲರಲ್ಲಿ ಒಳ್ಳೇ ಬೆಳಕಲ್ಲಿ ಕಣ್ಣು ನೋಡಿ, ಗಂಡಿನ ಕಣ್ಣು ಹತ್ತತ್ರ ಕಪ್ಪು, ಹೆಣ್ಣಿನದು ಕೆಂಪು ಕಂದು. ಯಾರು ಒಳಗೆ ಯಾರು ಹೊರಗೆ ಅಂತ ಮಕ್ಕಳು ನಿಮಗಿಂತ ಮುಂಚೆ ಕಲೀತಾರೆ.

ಕೆಳಗೆ ನೆಲಾನೂ ನೋಡಿ, ಆದ್ರೆ ಹಕ್ಕಿ ಇಲ್ದೇ ಇರೋ ಹೊತ್ತಲ್ಲಿ, ಪಕ್ಕದವರನ್ನ ಕೇಳ್ಕೊಂಡು. ಹೊಸದಾಗಿ ಕಚ್ಚಿ ಬೀಳಿಸಿದ ಮರದ ಚೂರು ಹಸಿ ಬಣ್ಣ ಇರತ್ತೆ, ಕೆಲವು ದಿನಕ್ಕೆ ಕಂದಾಗತ್ತೆ. ಕಾಕಟೂಗಳು ಹುಲ್ಲು ಕಡ್ಡಿ ತಂದು ಗೂಡು ಹೆಣೆಯಲ್ಲ, ಪೊಟರೆ ಒಳಗಿನ ಗೋಡೇನೇ ಕಚ್ಚಿ ಆ ಪುಡಿ ಮೇಲೆ ಮೊಟ್ಟೆ ಇಡ್ತವೆ. ಗಲಾ ಅಂತ ಗುಲಾಬಿ ಬೂದು ಬಣ್ಣದ ಕಾಕಟೂ ಒಂದು ಮಾತ್ರ ಹಸಿರು ನೀಲಗಿರಿ ಎಲೆ ಕಿತ್ತು ಒಳಗೆ ಒಯ್ದು ಹಾಸತ್ತೆ, ಅದು ಕೊಕ್ಕಲ್ಲಿ ಎಲೆ ಕಚ್ಕೊಂಡು ಪೊಟರೆಗೆ ಹೋಗೋದು ಕಂಡ್ರೆ ಎರಡನೇ ಮಾತಿಲ್ಲ.

ಮರಿ ಬಂದ್ಮೇಲೆ ಕಿವಿ ಕೆಲಸ ಜಾಸ್ತಿ. ಮೊದಲ ಒಂದೆರಡು ವಾರ ಏನೂ ಕೇಳಲ್ಲ. ಆಮೇಲೆ ಅಪ್ಪ ಅಮ್ಮ ಬಂದಾಗ ಒಳಗಿಂದ ಗೊರಗೊರ ಅಂತ ಎಳೆದು ಎಳೆದು ಕೇಳೋ ದನಿ, ಉಣಿಸ್ತಾ ಇರುವಾಗ ಅದೇ ದನಿ ಲಯ ಹಿಡಿದು ಕುಲುಕತ್ತೆ. ಆ ದನಿ ಒಂದ್ಸಲ ಕೇಳಿದ್ರೆ ಮರೆಯೋಕಾಗಲ್ಲ, ಮತ್ತೆ ಮುಂದಿನ ವರ್ಷ ಬೇರೆ ಬೀದಿಲಿ ನಡ್ಕೊಂಡು ಹೋಗ್ತಾ ಕೇಳಿದ್ರೂ ತಲೆ ಎತ್ತಿ ನೋಡ್ತೀರ.

ಇನ್ನು ಮಾಡಬಾರದ್ದು. ಒಳಗೆ ಇದೆಯಾ ನೋಡೋಣ ಅಂತ ಬುಡಕ್ಕೆ ಕಲ್ಲಿಂದ ಕುಟ್ಟೋದು, ಮರ ಹತ್ತೋದು, ಡ್ರೋನ್ ಹಾರಿಸೋದು, ಫೋನಲ್ಲಿ ಕಾಕಟೂ ಕೂಗು ಹಾಕಿ ಕರೆಯೋದು, ಇದ್ಯಾವುದೂ ಬೇಡ. ಕಾವು ಕೂತಿರೋ ಹಕ್ಕಿನ ಮತ್ತೆ ಮತ್ತೆ ಎಬ್ಬಿಸಿದ್ರೆ ಮೊಟ್ಟೆ ತಣ್ಣಗಾಗತ್ತೆ, ಗೂಡು ಬಿಟ್ಟು ಹೋಗೋ ಸಂಭವಾನೂ ಇದೆ. ಉದ್ದ ಕೋಲಿಗೆ ಕ್ಯಾಮೆರಾ ಕಟ್ಟಿ ಪೊಟರೆ ಒಳಗೆ ನೋಡೋ ವೀಡಿಯೋಗಳನ್ನ ನೀವು ನೋಡಿರಬಹುದು, ಅದು ಸಂಶೋಧಕರು ಪರವಾನಗಿ ತಗೊಂಡು, ಯಾವ ವಾರ ಯಾವ ಹೊತ್ತಲ್ಲಿ ಅಂತ ಲೆಕ್ಕ ಹಾಕಿ ಮಾಡೋ ಕೆಲಸ. ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಹಕ್ಕಿಗಳಿಗೆ 2016ರ ಬಯೋಡೈವರ್ಸಿಟಿ ಕನ್ಸರ್ವೇಶನ್ ಆಕ್ಟ್ ಪ್ರಕಾರ ರಕ್ಷಣೆ ಇದೆ, ಎಲ್ಲೆಲ್ಲೂ ಕಾಣೋ ಹಕ್ಕಿ ಅಂತ ಅದಕ್ಕೆ ವಿನಾಯಿತಿ ಇಲ್ಲ. ನೀವು ಸರಿಯಾದ ದೂರದಲ್ಲಿ ಇದೀರಾ ಇಲ್ವಾ ಅಂತ ಹಕ್ಕಿನೇ ಹೇಳತ್ತೆ: ನಿಮ್ಮನ್ನೇ ದಿಟ್ಟಿಸಿ ಜುಟ್ಟು ಎತ್ತಿದ್ರೆ, ಕೂಗಿದ್ರೆ, ಊಟ ತಂದಿದ್ದು ಒಳಗೆ ಹೋಗ್ದೆ ಕೊಂಬೆಲೇ ಕಾಯ್ತಾ ಕೂತ್ರೆ ಎದ್ದು ಹಿಂದೆ ಹೋಗಿ. ಇನ್ನೊಂದು ನಿಮ್ಮ ಸುರಕ್ಷತೆಗೆ, ಹಳೇ ನೀಲಗಿರಿ ಜಾತಿ ಮರಗಳು ಬೇಸಿಗೆಲಿ ಗಾಳಿ ಇಲ್ದಿದ್ರೂ ಭಾರಿ ಕೊಂಬೆ ಬೀಳಿಸ್ತವೆ, ಮಕ್ಕಳನ್ನ ಮರದ ಕೆಳಗೆ ಕೂರಿಸಬೇಡಿ.

ಕಾಳು ಹಾಕಿ ಹತ್ರ ಮಾಡ್ಕೊಳ್ಳೋ ಆಸೆ ನಮ್ಮ ಜನಕ್ಕೆ ಜಾಸ್ತಿ, ಊರಲ್ಲಿ ಮಹಡಿ ಮೇಲೆ ಅಕ್ಕಿ ಇಟ್ಟು ಬೆಳೆದವರು ನಾವು, ಆ ಮನಸ್ಸು ನನಗೆ ಅರ್ಥ ಆಗತ್ತೆ. ಆದ್ರೂ ಇಲ್ಲಿ ಬೇಡ. ಕೊಕ್ಕು ಗರಿ ರೋಗ ಅಂತ ಒಂದು ವೈರಸ್ ಕಾಯಿಲೆ ಗಿಣಿ ಜಾತಿಗಳಲ್ಲಿ ಹರಡತ್ತೆ, ಗರಿ ಉದುರಿ ಕೊಕ್ಕು ವಿಕಾರ ಆಗತ್ತೆ, ಹಕ್ಕಿಗಳು ಒಂದೇ ತಟ್ಟೆಗೆ ಗುಂಪು ಸೇರೋ ಕಡೆ ಸುಲಭವಾಗಿ ಹಬ್ಬತ್ತೆ, ಪೊಟರೆಲೂ ಉಳಿಯತ್ತೆ. ಮೇಲಾಗಿ ಇವು ಕಲಿಯೋದ್ರಲ್ಲಿ ಭಾರಿ ಚುರುಕು. 2021ರಲ್ಲಿ ಸೈನ್ಸ್ ಪತ್ರಿಕೆಲಿ ಬಂದ ಅಧ್ಯಯನ ಇದೇ ಸಿಡ್ನಿದು, ಕಸದ ಬಿನ್ ಮುಚ್ಚಳ ಎತ್ತೋದನ್ನ ಕಾಕಟೂಗಳು ಒಂದನ್ನ ನೋಡಿ ಒಂದು ಕಲಿತು 2018ಕ್ಕೆ ಮುಂಚೆ 3 ಬಡಾವಣೆಲಿ ಇದ್ದಿದ್ದು 2019ರ ಕೊನೆಗೆ 44 ಬಡಾವಣೆಗೆ ಹರಡಿತ್ತು. ನೀವು ಕಾಳು ಹಾಕಿದ್ರೆ ಗುಂಪಿಗೇ ಗೊತ್ತಾಗತ್ತೆ, ಆಮೇಲೆ ಮನೆಯ ಮರದ ಡೆಕ್ ಕಚ್ಚೋಕೆ ಶುರು, ಪಕ್ಕದವರಿಗೆ ಹಕ್ಕಿ ಮೇಲೂ ಮರದ ಮೇಲೂ ಸಿಟ್ಟು.

ಈಗ ಮರದ ವಿಷಯ, ನಿಮ್ಮ ಪ್ರಶ್ನೇಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಇದು. ನಮ್ಮ ಕಡೆ ಗಿಣಿಗಳು ಪೊಟರೆಲಿ ಗೂಡು ಮಾಡೋದನ್ನ ಎಲ್ರೂ ನೋಡಿರ್ತೀವಿ, ಎಷ್ಟೋ ಸಲ ಆ ಪೊಟರೆ ಮರಕುಟಿಗನೋ ಕುಟ್ರು ಹಕ್ಕಿನೋ ಕೊರೆದು ಬಿಟ್ಟಿರೋದು. ಆಸ್ಟ್ರೇಲಿಯಾದಲ್ಲಿ ಮರಕುಟಿಗ ಅನ್ನೋ ಹಕ್ಕಿನೇ ಇಲ್ಲ. ಕೊರೆದು ಕೊಡೋರು ಯಾರೂ ಇಲ್ಲ, ಕೊಂಬೆ ಮುರೀಬೇಕು, ಆ ಗಾಯಕ್ಕೆ ಫಂಗಸ್ ಹತ್ತಬೇಕು, ಗೆದ್ದಲು ಒಳಗಿನ ತಿರುಳು ತಿನ್ನಬೇಕು, ಕೆಲವು ಕಡೆ ಕಾಡ್ಗಿಚ್ಚು ಸುಡಬೇಕು, ಹೀಗೆ ಸಣ್ಣ ಪೊಟರೆ ಆಗೋಕೇ ನೂರು ವರ್ಷ ಮೇಲೆ ಹಿಡಿಯತ್ತೆ, ಕಾಕಟೂ ಹಿಡಿಸೋ ಅಷ್ಟು ದೊಡ್ಡದು ಆಗೋಕೆ ಇನ್ನೂರು ವರ್ಷದ ಹತ್ರ. ಅಂದ್ರೆ ನಿಮ್ಮ ಪಕ್ಕದ ಮನೆ ಆ ಮರ ಬಡಾವಣೆಗಿಂತ ಎಷ್ಟೋ ಹಳೇದು. ಕಡಿದು ಅದರ ಬದಲು ಹತ್ತು ಸಸಿ ನೆಟ್ರೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಒಂದು ಪೊಟರೆ ಸಿಗಲ್ಲ. ಪೊಟರೆ ಇರೋ ಮರಗಳು ಕಮ್ಮಿ ಆಗ್ತಿರೋದನ್ನ ನ್ಯೂ ಸೌತ್ ವೇಲ್ಸ್ ಸರ್ಕಾರನೇ ವನ್ಯಜೀವಿಗಳಿಗೆ ದೊಡ್ಡ ಅಪಾಯ ಅಂತ 2007ರಲ್ಲೇ ಪಟ್ಟಿ ಮಾಡಿದೆ.

ಇರೋ ಅಷ್ಟು ಪೊಟರೆಗೂ ಪೈಪೋಟಿ. ಪಾಸಮ್ (ಮರದ ಮೇಲೆ ಇರೋ ಒಂದು ಪ್ರಾಣಿ), ಲೋರಿಕೀಟ್ ಗಿಣಿ, ಕುಕ್ಕಬರಾ (ಮಿಂಚುಳ್ಳಿ ಜಾತಿ ಹಕ್ಕಿ), ಸಾಕೋಕೆ ತಂದು ಆಮೇಲೆ ಕಾಡು ಸೇರಿರೋ ಯೂರೋಪಿನ ಜೇನು, ಇವೆಲ್ಲ ಅದಕ್ಕೇ ಬರ್ತವೆ. ನಮ್ಮ ಗೊರವಂಕಾನೂ ಬರತ್ತೆ, ಹುಳ ತಿನ್ನಲಿ ಅಂತ 1862ರಲ್ಲಿ ಮೆಲ್ಬರ್ನ್‌ಗೆ ತಂದು ಬಿಟ್ಟಿದ್ದು ಈಗ ಸಿಡ್ನಿ ಬೀದಿ ಬೀದಿಲೂ ಇದೆ, ದೊಡ್ಡ ಬಿಳಿ ಕಾಕಟೂನ ಅದು ಓಡಿಸಲಾರದು, ಆದ್ರೆ ರೊಸೆಲ್ಲಾ ತರ ಸಣ್ಣ ಗಿಣಿಗಳ ಪೊಟರೆಗಳಿಗೆ ಕಸ ತುಂಬಿ ಕಿತ್ಕೊಳ್ಳತ್ತೆ. ನಿಮ್ಮ ಮರದಲ್ಲಿ ಸಣ್ಣ ಪೊಟರೆಗಳೂ ಇದ್ರೆ ಅವುಗಳಿಗೆ ಯಾರು ಬರ್ತಾರೆ ಅಂತ ಅದನ್ನೂ ಬರ್ಕೊಳ್ಳಿ, ನಿಜ ಹೇಳ್ಬೇಕಂದ್ರೆ ಒಂದು ಮರದ ಎಲ್ಲಾ ಪೊಟರೆಗಳ ವರ್ಷಪೂರ್ತಿ ಲೆಕ್ಕ ಒಂದು ಗೂಡಿನ ಫೋಟೋಗಿಂತ ಹೆಚ್ಚು ಬೆಲೆಬಾಳತ್ತೆ.

ಪಕ್ಕದವರ ಜೊತೆ ಜಗಳಕ್ಕೆ ಹೋಗಬೇಡಿ, ಅವರ ಭಯ ಸುಳ್ಳಲ್ಲ, ಕೊಂಬೆ ಬಿದ್ರೆ ಮನೆ ಮುರಿಯತ್ತೆ. ಅಂಥಾ ದೊಡ್ಡ ಮರ ಕಡಿಸೋಕೆ ಸಾಮಾನ್ಯವಾಗಿ ಕೌನ್ಸಿಲ್ (ಅಲ್ಲಿನ ನಗರಸಭೆ) ಅನುಮತಿ ಬೇಕೇ ಬೇಕು, ಅರ್ಜಿ ಹಾಕುವಾಗ ಪೊಟರೆ ಇದೆ, ಜೋಡಿ ಬರ್ತಿದೆ ಅಂತ ತಾರೀಕಿನ ಸಮೇತ ನಿಮ್ಮ ಹತ್ರ ಟಿಪ್ಪಣಿ ಇದ್ರೆ ಅದನ್ನ ಕೌನ್ಸಿಲ್‌ಗೆ ಕೊಡಬಹುದು. ಪೊಟರೆ ವಿಷಯ ಗೊತ್ತಿರೋ ಒಬ್ಬ ಆರ್ಬರಿಸ್ಟ್‌ನ (ಮರಗಳ ತಜ್ಞ) ಕರೆಸಿ ನೋಡಿಸೋಣ ಅಂತ ಅವರಿಗೆ ಹೇಳಿ, ಎಷ್ಟೋ ಸಲ ಮನೆ ಮೇಲೆ ಬಾಗಿರೋ ಭಾರದ ಕೊಂಬೆ ಮಾತ್ರ ತೆಗೆದು ಬೊಡ್ಡೆನೂ ಪೊಟರೆನೂ ಹಾಗೇ ಉಳಿಸಬಹುದು, ಖರ್ಚೂ ಕಮ್ಮಿ ಆಗಬಹುದು. ಏನೇ ಮಾಡೋದಿದ್ರೂ ಮರಿ ಹಾರಿದ ಮೇಲೆ, ಫೆಬ್ರವರಿಯಿಂದ ಜೂನ್ ಒಳಗೆ ಅಂತ ಕೇಳ್ಕೊಳ್ಳಿ. ಮರ ತೆಗೆದು ನೆಸ್ಟ್ ಬಾಕ್ಸ್ ಹಾಕಿದ್ರೆ ಆಯ್ತಲ್ಲ ಅಂತಾರೆ, ಪ್ಲೈವುಡ್ ಪೆಟ್ಟಿಗೆನ ಕಾಕಟೂ ಕಚ್ಚಿ ಪುಡಿ ಮಾಡತ್ತೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಪ್ಪು ಕಾಕಟೂಗಳಿಗೆ ಕಾಕಟ್ಯೂಬ್ ಅಂತ ದಪ್ಪ ಪೈಪಲ್ಲಿ ಮಾಡಿದ ಗೂಡು ಹಾಕ್ತಾರೆ, ಒಳಗೆ ಹತ್ತಿ ಇಳಿಯೋಕೆ ಜಾಲರಿ, ಕಚ್ಚಿ ಹಾಳು ಮಾಡ್ಲಿ ಅಂತಾನೇ ಮರದ ತುಂಡು, ಅದನ್ನೂ ಆಗಾಗ ಬದಲಾಯಿಸ್ತಾ ಇರಬೇಕು. ಹಳೇ ಮರ ಉಳಿಸೋದು ಇದಕ್ಕಿಂತ ಎಷ್ಟೋ ಸುಲಭ.

ಟಿಪ್ಪಣಿ ಹೇಗೆ ಅಂದ್ರೆ, ಒಂದು ಸಾದಾ ಪುಸ್ತಕ ಸಾಕು. ವಾರಕ್ಕೆ ಎರಡು ಸಲ, ಅದೇ ಜಾಗ, ಅದೇ ಹೊತ್ತು, ಮುಕ್ಕಾಲು ಗಂಟೆ. ತಾರೀಕು, ಶುರು ಮಾಡಿದ ಸಮಯ ಮುಗಿಸಿದ ಸಮಯ, ಎಷ್ಟು ಹಕ್ಕಿ, ಏನು ಮಾಡಿದ್ವು, ಒಳಗೆ ಹೋಗಿದ್ದು ಎಷ್ಟು ಹೊತ್ತಿಗೆ ಹೊರಗೆ ಬಂತು. ಏನೂ ಕಾಣದ ದಿನ ಏನೂ ಕಾಣಲಿಲ್ಲ ಅಂತ ಬರೀಲೇಬೇಕು, ಜನ ಅದನ್ನೇ ಬಿಡೋದು, ಆಮೇಲೆ ಗೂಡು ಯಾವಾಗ ಕೆಟ್ಟಿತು ಅಂತ ಹುಡುಕೋಕೆ ಆ ಖಾಲಿ ದಿನಗಳೇ ಬೇಕಾಗ್ತವೆ. ಮೊದಲ ಪುಟದಲ್ಲಿ ಮರದ ಬಗ್ಗೆ, ಎದೆ ಎತ್ತರದಲ್ಲಿ ಸುತ್ತಳತೆ ಎಷ್ಟು, ಪೊಟರೆ ಅಂದಾಜು ಎಷ್ಟು ಎತ್ತರ, ಬಾಯಿ ಯಾವ ದಿಕ್ಕಿಗೆ. ಹಕ್ಕಿ ರೆಕ್ಕೆ ಮೇಲೆ ನಂಬರ್ ಇರೋ ಟ್ಯಾಗ್ ಕಂಡ್ರೆ ಮರೀದೆ ಬರ್ಕೊಳ್ಳಿ, ಸಿಡ್ನಿಲಿ ಕಾಕಟೂಗಳಿಗೆ ದನದ ಕಿವಿಗೆ ಹಾಕೋ ಪ್ಲಾಸ್ಟಿಕ್ ಟ್ಯಾಗನ್ನ ರೆಕ್ಕೆಗೆ ಹಾಕಿ ವಿಜ್ಞಾನಿಗಳು ಗುರುತು ಮಾಡಿದಾರೆ, ಅಂಥದ್ದು ಗೂಡಲ್ಲಿ ಸಿಕ್ರೆ ಅದರ ಹಿಂದಿನ ಓಡಾಟದ ಕತೆ ಜೊತೆಗೇ ಸಿಗತ್ತೆ.

ಇದನ್ನೆಲ್ಲ ಕಳಿಸೋಕೆ ಬಿಗ್ ಸಿಟಿ ಬರ್ಡ್ಸ್ ಅನ್ನೋ ಆಪ್ ಇದೆ, ಪೊಟರೆಗಳಿಗಂತಾನೇ ಹಾಲೋಸ್ ಆಸ್ ಹೋಮ್ಸ್ ಅನ್ನೋ ಯೋಜನೆ ಇದೆ, ಹಕ್ಕಿ ಕಂಡಿದ್ದನ್ನ ದಾಖಲಿಸೋ ಇಬರ್ಡ್ ತಾಣದಲ್ಲಿ ಹಾಕೋದಾದ್ರೆ ಬ್ರೀಡಿಂಗ್ ಕೋಡ್ (ಗೂಡು, ಮರಿಯ ಗುರುತು) ಆಯ್ಕೆ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಬರೀ ಹಕ್ಕಿ ಕಂಡಿದೆ ಅಂತ ಮಾತ್ರ ದಾಖಲಾಗತ್ತೆ.

ಬೇರೆ ಊರಲ್ಲಿ ಇದ್ಕೊಂಡು ಇದನ್ನ ಓದ್ತಿರೋ ಕನ್ನಡದವರಿಗೆ ಎರಡು ಮಾತು. ಕ್ಯಾನ್ಬೆರಾದಲ್ಲಿ ಇರೋರು ಬೂದು ಮೈ, ಗಂಡಿಗೆ ಕೆಂಪು ತಲೆ ಇರೋ ಗ್ಯಾಂಗ್ ಗ್ಯಾಂಗ್ ಕಂಡ್ರೆ ಹೆಚ್ಚು ಗಮನ ಕೊಡಿ, ಎಣ್ಣೆ ಕಾಣದ ಬಾಗಿಲು ಕಿರ್ರ್ ಅಂದಂಗೆ ಕೂಗತ್ತೆ, ಅದನ್ನ 2022ರಲ್ಲಿ ದೇಶಮಟ್ಟದಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದಾರೆ, ಅದು ಬಡಾವಣೆ ಮರಗಳಲ್ಲೂ ಗೂಡು ಮಾಡತ್ತೆ, ಹಾಗಾಗಿ ಒಬ್ಬ ಮನೆಯವರ ಟಿಪ್ಪಣಿಗೂ ಅಲ್ಲಿ ತೂಕ ಇದೆ. ಪರ್ತ್‌ನಲ್ಲಿ ಸಂಜೆ ನೂರಾರು ಕಪ್ಪು ಕಾಕಟೂ ಒಂದೇ ಮರಕ್ಕೆ ಬಂದು ಇಳಿದ್ರೆ ಅದು ಗೂಡಲ್ಲ, ರಾತ್ರಿ ತಂಗೋ ಜಾಗ, ಅಲ್ಲಿನ ಕಪ್ಪು ಜಾತಿಯಾದ ಕಾರ್ನಬಿ ಕಾಕಟೂ ಹೆಚ್ಚಾಗಿ ಮೊಟ್ಟೆ ಇಡೋದು ಒಳನಾಡಿನ ಗೋಧಿ ಸೀಮೆ ಮರಗಳಲ್ಲಿ. ತಂಗೋ ಮರಗಳಿಗೂ ಲೆಕ್ಕ ಇದೆ, ಗ್ರೇಟ್ ಕಾಕಿ ಕೌಂಟ್ ಅಂತ ಒಂದು ಸಂಜೆ ಜನ ಸೇರಿ ಎಣಿಸ್ತಾರೆ, ಅದಕ್ಕೆ ಸೇರ್ಕೊಳ್ಳಿ. ಕಪ್ಪು ಕಾಕಟೂಗಳಲ್ಲಿ ಹೆಣ್ಣು ಮಾತ್ರ ಕಾವು ಕೂರತ್ತೆ, ಗಂಡು ಹೊರಗಿಂದ ಬಂದು ಉಣಿಸತ್ತೆ, ಸರದಿ ಬದಲಾಗೋದನ್ನ ಕಾಯ್ಕೊಂಡು ಕೂತ್ರೆ ಅಲ್ಲಿ ಕಾಣಲ್ಲ, ಹೆಣ್ಣು ಹೊರಗೆ ಬಂದು ಗಂಡಿನ ಹತ್ರ ಉಂಡು ಮತ್ತೆ ಬಾಲ ಮೊದಲು ಮಾಡಿ ಒಳಗೆ ಇಳಿಯೋದನ್ನ ನೋಡಬೇಕು. ಬ್ರಿಸ್ಬೇನ್ ಪಕ್ಕದವರು ಗ್ಲಾಸಿ ಬ್ಲಾಕ್ ಕಾಕಟೂ ಹುಡುಕೋಕೆ ಸರ್ವೆ ಜಾತಿ ಮರಗಳ ಕೆಳಗೆ ಅಗಿದು ಬಿಟ್ಟ ಕಾಯಿಚೂರು ಇದೆಯಾ ನೋಡಿ, ಅದು ತಿನ್ನೋದು ಹತ್ತತ್ರ ಆ ಕಾಯಿ ಬೀಜ ಮಾತ್ರ, ಇಡೋದು ಒಂದೇ ಮೊಟ್ಟೆ.

ಈ ಅಪರೂಪದ ಜಾತಿಗಳ ಗೂಡಿನ ಜಾಗ ವಾಟ್ಸಾಪ್ ಗ್ರೂಪಲ್ಲಿ, ಫೇಸ್‌ಬುಕ್ಕಲ್ಲಿ ಹಾಕ್ಬೇಡಿ. ಮರಿ ಕದಿಯೋರು ಇದಾರೆ, ಕದಿಯದೆ ಇದ್ರೂ ಕ್ಯಾಮೆರಾ ಹಿಡ್ಕೊಂಡು ಮರದ ಕೆಳಗೆ ಬಂದು ನಿಲ್ಲೋ ಜನ ಸಾಕು ಗೂಡು ಕೆಡಿಸೋಕೆ. ನಿಮ್ಮ ಬಿಳಿ ಕಾಕಟೂಗೂ ಅದೇ ಮಾತು, ಫೋಟೋ ಹಾಕಿ, ಬೀದಿ ಹೆಸರು ಬೇಡ.

ಡಿಸೆಂಬರ್ ಹೊತ್ತಿಗೆ ಮರಿ ಪೊಟರೆ ಬಾಯಿಗೆ ಬಂದು ದಿನಗಟ್ಟಲೆ ಹೊರಗೆ ನೋಡ್ತಾ ಕೂರತ್ತೆ. ಮೊದಲ ಹಾರಾಟದಲ್ಲಿ ಕೆಲವು ನೇರ ನೆಲಕ್ಕೆ ಬರ್ತವೆ. ಗರಿ ಪೂರ್ತಿ ಬಂದಿದ್ದು, ಚುರುಕಾಗಿದ್ದು, ಅಪ್ಪ ಅಮ್ಮ ಮೇಲೆ ಕೂಗ್ತಾ ಇದ್ರೆ ನಾಯಿ ಬೆಕ್ಕನ್ನ ಒಳಗೆ ಕಟ್ಟಿ ದೂರದಿಂದ ನೋಡಿ, ತಾವೇ ಕರ್ಕೊಂಡು ಹೋಗ್ತವೆ. ಮೈ ಬೋಳಾಗಿದ್ರೆ, ರಕ್ತ ಇದ್ರೆ, ರೆಕ್ಕೆ ಜೋತಿದ್ರೆ ವೈರ್ಸ್ ಅನ್ನೋ ವನ್ಯಜೀವಿ ರಕ್ಷಣಾ ಸಂಸ್ಥೆಯವರಿಗೆ ಫೋನ್ ಮಾಡಿ, ಬರಿಗೈಲಿ ಹಿಡಿಯೋಕೆ ಹೋಗಬೇಡಿ, ಮರಿ ಕೊಕ್ಕೂ ಬೆರಳು ಸೀಳತ್ತೆ. ಇನ್ನು ನವೆಂಬರ್‌ಗೆ ಮುಂಚೆನೇ ಎರಡೂ ಹಕ್ಕಿ ಮತ್ತೆ ಒಟ್ಟಿಗೆ ದಿನವಿಡೀ ಹೊರಗೆ ಓಡಾಡ್ತಾ, ಪೊಟರೆ ಕಡೆ ಬರೋದೇ ಬಿಟ್ರೆ ಗೂಡು ಕೆಟ್ಟಿದೆ ಅಂತ ತಿಳ್ಕೊಳ್ಳಿ, ಮಳೆ ನೀರು ತುಂಬಿರಬಹುದು, ಉಡ ನುಗ್ಗಿರಬಹುದು, ಪಾಸಮ್ ಹಿಡ್ಕೊಂಡಿರಬಹುದು. ಮಕ್ಕಳಿಗೆ ಇದನ್ನ ಮುಚ್ಚಿಡಬೇಡಿ, ಅದನ್ನೂ ತಾರೀಕು ಹಾಕಿ ಬರೀಲಿ. ಪುಸ್ತಕ ಮಾತ್ರ ಅಲ್ಲಿಗೆ ನಿಲ್ಲಿಸಬೇಡಿ, ತಿಂಗಳಿಗೊಂದು ಸಲ ಆದ್ರೂ ಪೊಟರೆಲಿ ಯಾರಿದಾರೆ ನೋಡ್ತಾ ಮುಂದಿನ ಆಗಸ್ಟ್‌ವರೆಗೂ ಬರೀರಿ, ಪಕ್ಕದವರು ಕೌನ್ಸಿಲ್‌ಗೆ ಅರ್ಜಿ ಹಾಕೋ ದಿನ ಬಂದ್ರೆ ಆ ಒಂದು ವರ್ಷದ ಪುಟಗಳನ್ನ ಅವರ ಅರ್ಜಿ ಜೊತೆಗೇ ಕೊಡಿ.